ಮಾತು ಕಳೆದುಕೊಂಡ ರಾಕ್ಷಸ

೨೦೨೫ರ ಡಿಸೆಂಬರ್ ರಜೆಗೆ ಬಿಳಿಗೆರೆಗೆ ಬಂದಿದ್ದ ಮೊಮ್ಮಗಳು ಒಂದು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪನ್ನು ತಂದು ನನ್ನ ಮುಂದಿಟ್ಟು, ‘ತಾತ, ನೀವು ಇಂಗ್ಲಿಷ್ ಮೇಷ್ಟ್ರಲ್ವಾ, ಈ ಕಥೆ ನಿಮಗೆ ಗೊತ್ತಿರುತ್ತೆ, ಬನ್ನಿ ನೋಡೋಣ’ ಎಂದಳು. ಮೆಕ್ಸಿಕೊ ದೇಶದ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಮಾಡಿದ ‘ಫ್ರಾಂಕನ್‌ಸ್ಟೈನ್’ ಅದು. ಹಿಂದಿನ ತಿಂಗಳಷ್ಟೇ ನೆಟ್‌ಫ್ಲಿಕ್ಸ್‌ನಲ್ಲಿ ಬಂದಿತ್ತು. ಚಿತ್ರ ಅರ್ಧಕ್ಕೆ ಬಂದಾಗ, ಹೆಣಗಳ ತುಂಡುಗಳನ್ನು ಜೋಡಿಸಿ ಮಾಡಿದ ಆ ಜೀವಿ ಬಾಯಿ ತೆರೆದು ತನ್ನ ಕಥೆಯನ್ನು ತಾನೇ ಹೇಳತೊಡಗಿತು. ಮೊಮ್ಮಗಳಿಗೆ ಆಶ್ಚರ್ಯ. ‘ಇದೇನ್ ತಾತ, ಇದು ಮಾತಾಡುತ್ತೆ?’ ಎಂದಳು.

ನಾನು ಕೂಡಲೇ ಉತ್ತರಿಸಲಿಲ್ಲ. ಈ ಪ್ರಶ್ನೆಯನ್ನು ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಹುಡುಗ ತಿರುಗುಮುರುಗಾಗಿ ಕೇಳಿದ್ದ. ಅಂದು ನಾನು ಕೊಟ್ಟ ಉತ್ತರ ತಪ್ಪು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ತರಗತಿಯಲ್ಲಿ ಕುಳಿತಿದ್ದವರೇ ಆದ್ದರಿಂದ, ಆ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ತಿದ್ದಬೇಕೆಂದು ಈ ಬರಹಕ್ಕೆ ಕೈಹಾಕಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಹೋಬಳಿಯ ಕಡೆ ಆಗ ಭಯವೆಂದರೆ ಎರಡೇ ಮೂಲ. ಒಂದು, ಹಿರಿಯರು ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದ ಮೋಹಿನಿ, ಕೊಳ್ಳಿದೆವ್ವಗಳ ಕಥೆ. ಇನ್ನೊಂದು, ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಎದ್ದು ನಿಲ್ಲುತ್ತಿದ್ದ ಟೆಂಟ್ ಸಿನಿಮಾ. ೧೯೭೯ರಲ್ಲಿ ತೆರೆಕಂಡ ‘ನಾ ನಿನ್ನ ಬಿಡಲಾರೆ’ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಅದರ ರೀಲುಗಳು ಸವೆದು ಪರದೆಯ ಮೇಲೆ ಮಳೆ ಸುರಿಯುವಂತೆ ಗೆರೆಗಳು ಬೀಳುತ್ತಿದ್ದವು. ಆದರೂ ಅನಂತನಾಗ್ ಮೈಮೇಲೆ ಹೆಣ್ಣಿನ ದೆವ್ವ ಬರುವ ದೃಶ್ಯದಲ್ಲಿ ನೆಲದ ಕ್ಲಾಸಿನಲ್ಲಿದ್ದ ಅರ್ಧ ಜನ ಎದ್ದು ಹೋಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಚಿತ್ರ ಮುಂದೆ ‘ಮಂಗಳಸೂತ್ರ’ ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ನಮ್ಮೂರಿನ ಮಟ್ಟಿಗೆ ಅದು ಬೇರೆ ಕೆಲಸವನ್ನೇ ಮಾಡಿತು. ‘ಗಾಳಿ ಮೆಟ್ಕೊಂಡದೆ’ ಎಂದು ಯಾರನ್ನಾದರೂ ಕರೆತಂದರೆ, ಆ ಬಳಿಕ ಅವರು ಕಣ್ಣು ತಿರುಗಿಸುತ್ತಿದ್ದುದೂ ದನಿ ಬದಲಿಸುತ್ತಿದ್ದುದೂ ಸಿನಿಮಾದಲ್ಲಿ ಕಂಡ ಹಾಗೆಯೇ ಇರುತ್ತಿತ್ತು. ದೆವ್ವಕ್ಕೂ ಹೀಗೆ ನಡೆದುಕೊಳ್ಳಬೇಕೆಂದು ಪಾಠವಾದಂತಿತ್ತು.

ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ಗ್ರಂಥಾಲಯವೆಂದರೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಇಂಗ್ಲಿಷ್ ಕಾದಂಬರಿಗಳ ಕೆಲವು ಸಂಕ್ಷಿಪ್ತ ಆವೃತ್ತಿಗಳಿದ್ದವು. ‘ಫ್ರಾಂಕನ್‌ಸ್ಟೈನ್’ ಅವುಗಳಲ್ಲೊಂದು. ರಕ್ಷಾಪುಟದ ಮೇಲೆ ಚಪ್ಪಟೆ ತಲೆ, ಹಣೆಯ ಮೇಲೆ ಹೊಲಿಗೆ, ಕುತ್ತಿಗೆಯ ಎರಡೂ ಬದಿಗೆ ಬೋಲ್ಟು. ಕೊನೆಯ ಕೆಲವು ಪುಟಗಳನ್ನು ಗೆದ್ದಲು ತಿಂದಿತ್ತು. ಒಂದು ಮಧ್ಯಾಹ್ನ ಬಿಡುವಿನ ಅವಧಿಯಲ್ಲಿ ಆ ಕಥೆಯನ್ನು ಒಂಬತ್ತನೆಯ ತರಗತಿಗೆ ಹೇಳಿದೆ. ಪುಸ್ತಕವನ್ನು ನಾನು ಪೂರ್ತಿ ಓದಿರಲಿಲ್ಲ. ಮೈಸೂರಿನಲ್ಲಿ ಓದುತ್ತಿದ್ದಾಗ ಚಿತ್ರಸಮಾಜದವರು ತೋರಿಸಿದ್ದ ೧೯೩೧ರ ಹಳೆಯ ಚಿತ್ರವನ್ನು ನೋಡಿದ್ದೆ. ಅದನ್ನೇ ಕಣ್ಣಿಗೆ ಕಟ್ಟುವಂತೆ ಹೇಳಿದೆ: ಹುಚ್ಚು ವಿಜ್ಞಾನಿ, ಗೂನುಬೆನ್ನಿನ ಸಹಾಯಕ, ಸಿಡಿಲಿನ ವಿದ್ಯುತ್ತು, ಅಪ್ಪಿತಪ್ಪಿ ತಂದ ಕೊಲೆಗಡುಕನ ಮಿದುಳು, ಮಾತು ಬಾರದೆ ಗುರುಗುಟ್ಟುವ ದೈತ್ಯ, ಕೊನೆಗೆ ಊರವರು ಪಂಜು ಹಿಡಿದು ಬಂದು ಗಾಳಿಗಿರಣಿಯೊಂದಿಗೆ ಅವನನ್ನು ಸುಟ್ಟದ್ದು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಒಳ್ಳೆಯ ಪಾಠ ಮಾಡಿದೆನೆಂದು ನನಗೂ ಹೆಮ್ಮೆಯಾಯಿತು.

ಅದೇ ತರಗತಿಯಲ್ಲಿ ವಯಸ್ಸಿಗೆ ಮೀರಿ ಎತ್ತರ ಬೆಳೆದಿದ್ದ ಒಬ್ಬ ಹುಡುಗನಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಹಣೆಯ ಮೇಲೆ ಉದ್ದದ ಕಲೆ, ಮಾತಿನಲ್ಲಿ ತೊದಲು. ಕಥೆ ಹೇಳಿದ ವಾರ ಅವನೇ ಆ ಪುಸ್ತಕವನ್ನು ಕೇಳಿ ಪಡೆದು ಮನೆಗೆ ಒಯ್ದ. ನಾಲ್ಕೈದು ದಿನಗಳ ನಂತರ ನನ್ನ ಮೇಜಿನ ಬಳಿ ನಿಂತು, ಬಹಳ ಕಷ್ಟಪಟ್ಟು, ‘ಸಾ, ಪುಸ್ತಕದಾಗೆ ಅವ್ನು ಮಾತಾಡ್ತಾನೆ ಸಾ. ನೀವು ಮೂಗ ಅಂದ್ರಲ್ಲ? ಅವ್ನು ಹುಟ್ತಾನೇ ಕೆಟ್ಟೋನಾ ಸಾ?’ ಎಂದು ಕೇಳಿದ. ನಾನು ಪುಸ್ತಕವನ್ನು ತೆರೆದು ನೋಡಲಿಲ್ಲ. ‘ಕೊಲೆಗಡುಕನ ಮಿದುಳು ಹಾಕಿದ್ರು ಅಂದೆನಲ್ಲಪ್ಪ, ಇನ್ನೇನು ಒಳ್ಳೆಯವನಾಗ್ತಾನಾ?’ ಎಂದು ನಕ್ಕು ಕಳುಹಿಸಿದೆ.

ಆ ಮಿದುಳಿನ ವಿಷಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇದು ನನಗೆ ತಿಳಿದದ್ದು ಹತ್ತು ವರ್ಷಗಳ ಮೇಲೆ, ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ಪೂರ್ತಿ ಕಾದಂಬರಿ ಸಿಕ್ಕಿ ಅದನ್ನು ಎರಡು ರಾತ್ರಿಗಳಲ್ಲಿ ಓದಿದ ಮೇಲೆ.

ಕಾದಂಬರಿ ಹುಟ್ಟಿದ ಬಗೆಯೇ ವಿಚಿತ್ರ. ೧೮೧೫ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳು ಭೂಮಿಯನ್ನೆಲ್ಲ ಆವರಿಸಿತು. ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಒಂದು ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರು, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ಪಂದ್ಯ ಕಟ್ಟಿದರು. ಪಂದ್ಯವನ್ನು ಸೂಚಿಸಿದವನು ಕವಿ ಬೈರನ್. ಅಂದು ಅಲ್ಲಿದ್ದ ಹದಿನೆಂಟು ವರ್ಷದ ಮೇರಿ, ಮುಂದೆ ಮೇರಿ ಶೆಲ್ಲಿ ಎನಿಸಿಕೊಂಡವಳು, ಬರೆಯತೊಡಗಿದ ಕಥೆಯೇ ೧೮೧೮ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಅಚ್ಚಾಯಿತು. ಮೊದಲು ಅಚ್ಚಾದದ್ದು ಐನೂರೇ ಪ್ರತಿ.

ಫ್ರಾಂಕನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರಲ್ಲ, ಅವನನ್ನು ಸೃಷ್ಟಿಸಿದ ವಿದ್ಯಾರ್ಥಿ ವಿಕ್ಟರನ ಮನೆತನದ ಹೆಸರು. ಸೃಷ್ಟಿಯಾದವನಿಗೆ ಹೆಸರೇ ಇಲ್ಲ. ಕಣ್ಣು ತೆರೆದ ಗಳಿಗೆಯಲ್ಲೇ ಸೃಷ್ಟಿಕರ್ತ ಹೇಸಿ ಓಡಿಹೋದದ್ದರಿಂದ ಹೆಸರಿಡುವವರೇ ಇರಲಿಲ್ಲ. ಗೂನುಬೆನ್ನಿನ ಸಹಾಯಕನಿಲ್ಲ. ಸಿಡಿಲು ಇಳಿಸುವ ಯಂತ್ರಗಳಿಲ್ಲ. ಜೀವ ತುಂಬಿದ ಬಗೆಯನ್ನು ವಿಕ್ಟರ್ ಬೇಕೆಂದೇ ಹೇಳುವುದಿಲ್ಲ. ನಡುವಿನ ಆರು ಅಧ್ಯಾಯಗಳಲ್ಲಿ ಮಾತಾಡುವವನು ಆ ಜೀವಿಯೇ. ನಮ್ಮ ಸಂಕ್ಷಿಪ್ತ ಆವೃತ್ತಿಯಲ್ಲಿ ಈ ಆರು ಅಧ್ಯಾಯಗಳು ಎರಡು ಪುಟಕ್ಕೆ ಇಳಿದಿದ್ದವು. ಆ ಹುಡುಗ ಆ ಎರಡು ಪುಟಗಳನ್ನು ಹಿಡಿದುಕೊಂಡಿದ್ದ.

ಎಂಟು ಅಡಿ ಎತ್ತರದ ಆ ಜೀವಿ ಒಂದು ಬಡ ಮನೆಯ ಪಕ್ಕದ ಕೊಟ್ಟಿಗೆಯಂಥ ಜಾಗದಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಒಳಗಿನವರನ್ನು ತಿಂಗಳುಗಟ್ಟಲೆ ನೋಡುತ್ತದೆ. ಕುರುಡ ತಂದೆ, ಮಗ, ಮಗಳು. ಅವರು ಹಸಿದಿರುವುದನ್ನು ಕಂಡು, ಅವರ ಆಹಾರವನ್ನು ಕದಿಯುವುದನ್ನು ಬಿಟ್ಟು, ರಾತ್ರಿಯ ಹೊತ್ತು ಕಾಡಿನಿಂದ ಸೌದೆ ತಂದು ಬಾಗಿಲಲ್ಲಿ ಒಟ್ಟುತ್ತದೆ. ಮಗನು ಬೇರೆ ದೇಶದಿಂದ ಬಂದ ಹುಡುಗಿಯೊಬ್ಬಳಿಗೆ ಭಾಷೆ ಕಲಿಸುವಾಗ ಹೊರಗಿನಿಂದಲೇ ಕೇಳಿಸಿಕೊಂಡು ತಾನೂ ಕಲಿಯುತ್ತದೆ. ಅವಳಿಗಿಂತ ಬೇಗ ಕಲಿತೆನೆಂದು ಸಂಭ್ರಮಪಡುತ್ತದೆ. ಕಾಡಿನಲ್ಲಿ ಬಿದ್ದು ಸಿಕ್ಕಿದ ಚರ್ಮದ ಚೀಲದಲ್ಲಿ ಮೂರು ಪುಸ್ತಕಗಳು: ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲೂಟಾರ್ಕ್ ಬರೆದ ಮಹಾಪುರುಷರ ಚರಿತ್ರೆಗಳ ಒಂದು ಸಂಪುಟ, ಗಯಟೆಯ ‘ವರ್ಥರ್’. ನಮ್ಮ ಏಕಲವ್ಯನಿಗೆ ದ್ರೋಣರ ಮಣ್ಣಿನ ಮೂರ್ತಿಯಾದರೂ ಇತ್ತು; ಇವನಿಗಿದ್ದದ್ದು ಗೋಡೆಯ ಬಿರುಕು. ಒಂದು ದಿನ ಉಳಿದವರು ಹೊರಗೆ ಹೋದ ಸಮಯ ನೋಡಿ ಕುರುಡ ತಂದೆಯ ಬಳಿ ಕುಳಿತು ಮಾತಾಡುತ್ತಾನೆ. ಕುರುಡ ಅವನ ಮಾತನ್ನು ಮಾತಾಗಿಯೇ ಕೇಳುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಬಂದು ಕೋಲಿನಿಂದ ಹೊಡೆದು ಅಟ್ಟುತ್ತಾರೆ.

ಹಾಗೆ ಅಲೆಯುವಾಗ, ಹೊಳೆಗೆ ಬಿದ್ದು ಕೊಚ್ಚಿಹೋಗುತ್ತಿದ್ದ ಹುಡುಗಿಯೊಬ್ಬಳನ್ನು ಅವನು ನೀರಿಗಿಳಿದು ದಡಕ್ಕೆ ತರುತ್ತಾನೆ. ಅವಳ ಜೊತೆಯವನು ಅವನ ರೂಪವನ್ನು ನೋಡಿ ಬಂದೂಕಿನಿಂದ ಹೊಡೆಯುತ್ತಾನೆ. ಆಮೇಲೆ ಅವನು ಕೊಲೆಗಾರನಾಗುವುದು ನಿಜ; ವಿಕ್ಟರನ ಪುಟ್ಟ ತಮ್ಮನನ್ನೇ ಮೊದಲು ಕೊಲ್ಲುತ್ತಾನೆ. ಲೇಖಕಿ ಅದನ್ನು ಮರೆಸುವುದಿಲ್ಲ, ಮನ್ನಿಸುವುದೂ ಇಲ್ಲ. ಆದರೆ ಹೇಗೆ ಆದ ಎಂಬುದನ್ನು ಅವನ ಬಾಯಿಂದಲೇ ಕೇಳಿಸುತ್ತಾಳೆ.

೧೯೩೧ರ ಚಿತ್ರದಲ್ಲಿ ನಡೆಯುವುದೇನು? ಕೆರೆಯ ದಂಡೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಹೂಗಳನ್ನು ನೀರಿನ ಮೇಲೆ ತೇಲಿಬಿಡುವ ಆಟ ಕಲಿಸುತ್ತಾಳೆ. ಹೂ ಮುಗಿದ ಮೇಲೆ, ಅವಳೂ ತೇಲುತ್ತಾಳೆಂದುಕೊಂಡು, ದೈತ್ಯ ಅವಳನ್ನೇ ಎತ್ತಿ ನೀರಿಗೆಸೆಯುತ್ತಾನೆ. ಪುಸ್ತಕದಲ್ಲಿ ಮುಳುಗುವ ಹುಡುಗಿಯನ್ನು ಉಳಿಸಿದವನು ತೆರೆಯ ಮೇಲೆ ಹುಡುಗಿಯನ್ನು ಮುಳುಗಿಸಿದ. ಈ ದೃಶ್ಯ ಬಹಳ ಕ್ರೂರವೆಂದು ಸೆನ್ಸಾರಿನವರು ಎಸೆಯುವ ಭಾಗವನ್ನು ಕತ್ತರಿಸಿದರು. ಉಳಿದದ್ದು ಇಷ್ಟು: ದೈತ್ಯ ಹುಡುಗಿಯತ್ತ ಕೈ ಚಾಚುತ್ತಾನೆ, ಮುಂದೆ ತಂದೆಯೊಬ್ಬ ಮಗಳ ಹೆಣವನ್ನು ಹೊತ್ತು ಬೀದಿಯಲ್ಲಿ ಬರುತ್ತಾನೆ. ನಡುವೆ ಏನಾಯಿತೆಂಬುದನ್ನು ಪ್ರೇಕ್ಷಕರು ಇನ್ನೂ ಘೋರವಾಗಿ ಊಹಿಸಿಕೊಂಡರು. ಕತ್ತರಿಸಿದ ತುಣುಕು ಚಿತ್ರಕ್ಕೆ ಮರಳಿ ಸೇರಿದ್ದು ಎಂಬತ್ತರ ದಶಕದಲ್ಲಿ.

ಇಷ್ಟನ್ನು ಓದಿ ಸಿನಿಮಾದವರನ್ನು ಬೈದುಬಿಡುವುದು ಸುಲಭ. ಅದು ನ್ಯಾಯವಲ್ಲ. ದೈತ್ಯನ ನಾಲಗೆ ಕಿತ್ತದ್ದು ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲು. ೧೮೨೩ರಲ್ಲಿ ಲಂಡನ್ನಿನ ರಂಗಭೂಮಿಯ ಮೇಲೆ ಪೀಕ್ ಎಂಬ ನಾಟಕಕಾರ ಈ ಕಥೆಯನ್ನು ತಂದಾಗಲೇ ಆ ಪಾತ್ರ ಮೂಕವಾಗಿತ್ತು. ಫ್ರಿಟ್ಜ್ ಎಂಬ ಸಹಾಯಕನೂ ಅಲ್ಲೇ ಹುಟ್ಟಿಕೊಂಡ. ನಾಟಕದ ಪಟ್ಟಿಯಲ್ಲಿ ದೈತ್ಯನ ಹೆಸರಿರಬೇಕಾದ ಕಡೆ ಬರೀ ಗೆರೆ ಎಳೆದಿದ್ದರು. ನಾಟಕವನ್ನು ನೋಡಲು ಹೋಗಿದ್ದ ಮೇರಿ ಶೆಲ್ಲಿಗೆ ಆ ಗೆರೆ ಬಹಳ ಹಿಡಿಸಿತಂತೆ. ಹಾಲಿವುಡ್ಡಿನವರು ನೇರವಾಗಿ ಕಾದಂಬರಿಯಿಂದಲ್ಲ, ಇಂಥ ನಾಟಕಗಳ ಸಂತತಿಯಿಂದ ಕಥೆಯನ್ನು ತೆಗೆದುಕೊಂಡರು. ಕೊಲೆಗಡುಕನ ಮಿದುಳು ಮಾತ್ರ ಅವರದೇ ಕೊಡುಗೆ. ಅದೊಂದು ಸೇರಿದ್ದೇ ಕಥೆಯ ಅರ್ಥ ತಲೆಕೆಳಗಾಯಿತು. ಪುಸ್ತಕದಲ್ಲಿ ಜನ ಅಟ್ಟಿದ್ದರಿಂದ ಕೆಟ್ಟವನಾದವನು, ಚಿತ್ರದಲ್ಲಿ ಕೆಟ್ಟವನಾಗಿದ್ದರಿಂದ ಜನರಿಂದ ಅಟ್ಟಿಸಿಕೊಂಡ. ಬೋರಿಸ್ ಕಾರ್ಲಾಫ್ ಎಂಬ ನಟ ಆ ಮೂಕ ಮುಖದಲ್ಲಿಯೇ ಎಷ್ಟೊಂದು ದುಃಖ ತೋರಿಸಿದನೆಂಬುದನ್ನು ಚಿತ್ರ ನೋಡಿದವರು ಬಲ್ಲರು. ಚಪ್ಪಟೆ ತಲೆ, ಬೋಲ್ಟು, ಭಾರವಾದ ರೆಪ್ಪೆ ಇವೆಲ್ಲ ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸನ ಕೈಚಳಕ. ಪುಸ್ತಕದ ದೈತ್ಯನಿಗೆ ನೀಳವಾದ ಕಪ್ಪು ಕೂದಲಿದೆ, ಮುತ್ತಿನಂಥ ಬಿಳಿಯ ಹಲ್ಲುಗಳಿವೆ.

೧೯೩೫ರ ಎರಡನೆಯ ಚಿತ್ರದಲ್ಲಿ ಅವನಿಗೆ ಕೆಲವು ಮಾತು ಬಂತು. ಕಾಡಿನಲ್ಲಿರುವ ಕುರುಡ ಸನ್ಯಾಸಿ ರೊಟ್ಟಿ, ಗೆಳೆಯ ಎಂಬಂಥ ಪದಗಳನ್ನು ಕಲಿಸುತ್ತಾನೆ. ೧೯೩೯ರ ಮೂರನೆಯ ಚಿತ್ರದಲ್ಲಿ ಮತ್ತೆ ಮೂಗ! ಒಮ್ಮೆ ಕಲಿತದ್ದನ್ನು ಮರುವರ್ಷ ಪೂರ್ತಿ ಮರೆತು ಬರುವ ಮಕ್ಕಳನ್ನು ನೋಡಿದ್ದೇನೆ; ಇದು ಅದಕ್ಕಿಂತ ವಿಚಿತ್ರ.

‘ಡ್ರಾಕುಲಾ’ದ ಕಥೆ ಇದಕ್ಕಿಂತ ಹೆಚ್ಚು ಜನರಿಗೆ ಗೊತ್ತಿರುವುದರಿಂದ ಒಂದೆರಡು ಮಾತು ಸಾಕು. ಸೂರ್ಯನ ಬೆಳಕು ಬಿದ್ದರೆ ರಕ್ತಪಿಶಾಚಿ ಉರಿದು ಹೋಗುತ್ತದೆಂದು ಇಂದು ಲೋಕವೆಲ್ಲ ನಂಬಿದೆ. ೧೮೯೭ರಲ್ಲಿ ಬ್ರಾಂ ಸ್ಟೋಕರ್ ಬರೆದ ಕಾದಂಬರಿಯಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ತಿರುಗುತ್ತಾನೆ. ಶಕ್ತಿ ಕುಂದುತ್ತದೆ, ಅಷ್ಟೆ. ಬೆಳಕಿಗೆ ಸಾಯಿಸಿದ್ದು ೧೯೨೨ರ ಜರ್ಮನ್ ಮೂಕಿ ಚಿತ್ರ ‘ನೊಸ್‌ಫೆರಾಟು’. ಅದನ್ನು ಅನುಮತಿಯಿಲ್ಲದೆ ಮಾಡಿದ್ದರಿಂದ ಸ್ಟೋಕರನ ಹೆಂಡತಿ ಮೊಕದ್ದಮೆ ಹೂಡಿ ಪ್ರತಿಗಳನ್ನೆಲ್ಲ ನಾಶಮಾಡುವಂತೆ ಆಜ್ಞೆ ತಂದಳು. ಕೆಲವು ಪ್ರತಿಗಳು ಹೇಗೋ ಉಳಿದವು. ಅವು ಕಟ್ಟಿದ ಸುಳ್ಳೇ ಗೆದ್ದಿತು. ಕಾದಂಬರಿಯಲ್ಲಿ ಡ್ರಾಕುಲಾನ ಕೊರಳಿಗೆ ಬೀಳುವುದು ನಮ್ಮ ಗೂರ್ಖರ ಕುಕ್ರಿ ಎಂಬುದು ಎಷ್ಟು ಮಂದಿಗೆ ಗೊತ್ತು? ಇಡೀ ಪುಸ್ತಕ ದಿನಚರಿ, ಪತ್ರ, ತಂತಿ, ವರ್ತಮಾನ ಪತ್ರಿಕೆಯ ತುಣುಕುಗಳ ಕಂತೆ. ಮೊದಲ ನಾಲ್ಕು ಅಧ್ಯಾಯ ಕಳೆದ ಮೇಲೆ ಡ್ರಾಕುಲಾ ಎದುರಿಗೆ ಬರುವುದೇ ಅಪರೂಪ. ಚಿತ್ರದಲ್ಲಿ ಅವನೇ ನಾಯಕನಂತೆ ಎಲ್ಲ ಕಡೆ ನಿಂತಿರುತ್ತಾನೆ. ಹಣ ಕೊಟ್ಟು ಬಂದವರಿಗೆ ತೋರಿಸದೆ ಇರಲಾಗುತ್ತದೆಯೇ!

ನಮ್ಮ ಹಿಂದಿ ಚಿತ್ರದವರು ಇಂಥ ಕಾದಂಬರಿಗಳಿಗೆ ಹಾಡು ಕೊಟ್ಟರು. ೧೯೬೨ರ ‘ಬೀಸ್ ಸಾಲ್ ಬಾದ್’ ಕಾನನ್ ಡಾಯ್ಲನ ‘ಬಾಸ್ಕರ್‌ವಿಲ್ಲರ ನಾಯಿ’ಯ ಛಾಯೆ. ನಾಯಿ ಮಾಯವಾಗಿ, ಇರುಳಿನಲ್ಲಿ ಹಾಡುವ ಅದೃಶ್ಯ ಹೆಣ್ಣು ಬಂದಳು. ೧೯೬೪ರ ‘ಕೊಹ್ರಾ’ ದಾಫ್ನೆ ದು ಮೊರಿಯೇ ಬರೆದ ‘ರೆಬೆಕಾ’. ಇವು ಚೆನ್ನಾಗಿಲ್ಲವೆಂದು ಹೇಳಲಾರೆ. ಹಾಡುಗಳನ್ನು ಈಗಲೂ ಕೇಳುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ, ಭಯವನ್ನೇ ವಸ್ತುವಾಗಿಸಿಕೊಂಡ ಕಾದಂಬರಿಗಳು ನಮ್ಮಲ್ಲಿ ಕಡಿಮೆ. ಆದರೆ ಭಯವನ್ನು ಬಲ್ಲ ಕಾದಂಬರಿಗಳಿವೆ. ನಮ್ಮ ಮೈಸೂರು ಜಿಲ್ಲೆಯವರೇ ಆದ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಅಂಥದು. ಎರಡು ಹಳ್ಳಿಗಳ ಹಗೆಯ ನಡುವೆ ಸಿಕ್ಕಿದ ಕಿಟ್ಟಿ ಎಂಬ ಹುಡುಗನಿಗೆ ಕಾಡಿನೊಳಗಿನ ಒಂದು ಹಕ್ಕಿಯ ಭಯ. ಅದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವನು ಉಳಿಯುವುದಿಲ್ಲ ಎಂಬ ನಂಬಿಕೆ. ಇಂಥ ನಂಬಿಕೆ ನಮ್ಮ ಕಡೆಯೂ ಇದೆ. ಇರುಳಿನಲ್ಲಿ ಹೊರಗಿನಿಂದ ಯಾರಾದರೂ ಒಮ್ಮೆ ಕರೆದರೆ ನಮ್ಮವ್ವ ಓಗೊಡಲು ಬಿಡುತ್ತಿರಲಿಲ್ಲ, ಮೂರು ಸಲ ಕರೆಯಲಿ ಎನ್ನುತ್ತಿದ್ದಳು. ೧೯೭೩ರಲ್ಲಿ ಗಿರೀಶ ಕಾರ್ನಾಡರು ಈ ಕಾದಂಬರಿಯನ್ನು ಚಿತ್ರ ಮಾಡಿದರು. ನನಗೆ ಆ ಚಿತ್ರದಿಂದ ನೆನಪಿನಲ್ಲಿ ಉಳಿದಿರುವುದು ಹಕ್ಕಿಯಲ್ಲ, ಕೂಗು; ಕೂಗಿಗಿಂತಲೂ ಹೆಚ್ಚಾಗಿ, ಅದನ್ನು ಕೇಳುವ ಹುಡುಗನ ಮುಖ. ತೆರೆಯ ಮೇಲೂ ಪುಸ್ತಕದ ಭಯ ಹಾಗೇ ಉಳಿಯಬಲ್ಲದು ಎಂಬುದಕ್ಕೆ ನಾನು ಬಲ್ಲ ಒಳ್ಳೆಯ ಉದಾಹರಣೆ ಅದು.

‘ತುಳಸಿದಳ’ದ ದಾರಿ ಬೇರೆ. ಯಂಡಮೂರಿ ವೀರೇಂದ್ರನಾಥರ ಈ ತೆಲುಗು ಕಾದಂಬರಿ ಕನ್ನಡಕ್ಕೆ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗಿ ಅದರ ಬೆನ್ನು ಹರಿದಿತ್ತು. ಹುಡುಗರಿಂದ ಕಸಿದುಕೊಂಡ ಪ್ರತಿಯನ್ನು ಮೇಷ್ಟ್ರುಗಳೇ ಓದಿದ್ದೂ ಉಂಟು. ಅವರಲ್ಲಿ ನಾನೂ ಒಬ್ಬ. ಪುಟ್ಟ ಹುಡುಗಿ ತುಳಸಿಯ ಮೇಲೆ ‘ಕಾಷ್ಮೋರ’ ಎಂಬ ಮಾಟದ ಪ್ರಯೋಗ. ಒಂದು ಕಡೆ ಮಂತ್ರವಾದಿಗಳು, ಇನ್ನೊಂದು ಕಡೆ ಮನೋವೈದ್ಯರು. ಇದು ಮಾಟವೋ ರೋಗವೋ ಎಂದು ಓದುಗ ಎರಡೂ ಕಡೆಗೆ ಜಗ್ಗಾಡುತ್ತಿರಬೇಕು. ಕಾದಂಬರಿಯ ಓಟವೆಲ್ಲ ಆ ಜಗ್ಗಾಟದಲ್ಲಿದೆ. ೧೯೮೫ರಲ್ಲಿ ವೇಮಗಲ್ ಜಗನ್ನಾಥರಾಯರು ಇದನ್ನು ಕನ್ನಡ ಚಿತ್ರವಾಗಿ ತಂದರು. ನೋಡಿಬಂದವರು ನಮ್ಮೂರಿನಲ್ಲಿ ವಾರಗಟ್ಟಲೆ ಮಾ‌ತಾಡಿದ್ದು ಮಗುವಿನ ನರಳಾಟ ಮತ್ತು ಮಾಂತ್ರಿಕನ ವಿಷಯ; ವೈದ್ಯರ ಮಾತನ್ನು ಎತ್ತಿದವರನ್ನು ನಾನು ಕಾಣೆ. ಪುಟದ ಮೇಲೆ ‘ಇರಬಹುದು’ ಎಂದು ಬರೆಯಬಹುದು. ತೆರೆಯ ಮೇಲೆ ‘ಇರಬಹುದು’ ಎಂಬುದನ್ನು ಚಿತ್ರಿಸುವುದು ಕಷ್ಟ. ತೋರಿಸಿದ್ದೆಲ್ಲ ಇದೆ ಎಂದೇ ಕಣ್ಣು ನಂಬುತ್ತದೆ.

‘ಆಪ್ತಮಿತ್ರ’ (೨೦೦೪) ಕಾದಂಬರಿಯಿಂದ ಬಂದದ್ದಲ್ಲ. ೧೯೯೩ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಅದರ ಮೂಲ. ಆದರೂ ಅದನ್ನು ಇಲ್ಲಿ ಬಿಡಲಾರೆ. ಮೂಲದ ಕಥೆಗಾರ ಮಧು ಮುಟ್ಟಂ ಬರೆದದ್ದು ದೆವ್ವವಿಲ್ಲದ ದೆವ್ವದ ಕಥೆ. ಬಾಲ್ಯದಲ್ಲಿ ನೊಂದ ಹೆಣ್ಣುಮಗಳ ಮನಸ್ಸು ಒಡೆದು ಹಿಂದಿನ ಕಾಲದ ನರ್ತಕಿಯೊಬ್ಬಳನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಅದನ್ನು ಗುರುತಿಸುವವನು ಮನೋವೈದ್ಯ. ಕನ್ನಡದಲ್ಲೂ ವಿಷ್ಣುವರ್ಧನ್ ವೈದ್ಯರೇ. ಸೌಂದರ್ಯ ಆ ಹೆಣ್ಣುಮಗಳು. ಚಿತ್ರ ಬಿಡುಗಡೆಯಾಗುವ ಮೊದಲೇ ೨೦೦೪ರ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ನೋಡುವವರ ಎದೆಯಲ್ಲಿ ಬೇರೊಂದು ನಡುಕವನ್ನು ಸೇರಿಸಿತ್ತು. ಒಂದು ಸಂಗತಿ ಗಮನಿಸಿ. ಮಲಯಾಳಂ ಚಿತ್ರದ ನರ್ತಕಿ ತಮಿಳಿನಲ್ಲಿ ಮಾತಾಡುತ್ತಾಳೆ. ಕನ್ನಡಕ್ಕೆ ಬಂದ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. ೨೦೦೭ರ ಹಿಂದಿ ಚಿತ್ರದಲ್ಲಿ ಅವಳದು ಬಂಗಾಳಿ. ಪ್ರತಿ ಸಲವೂ ಭೂತ ನೆರೆಯವರ ಭಾಷೆಯಲ್ಲೇ ಬರುತ್ತದೆ, ನಮ್ಮ ಮನೆಯ ಭಾಷೆಯಲ್ಲಿ ಅಲ್ಲ. ಡ್ರಾಕುಲಾ ಕೂಡ ದೂರದ ಟ್ರಾನ್ಸಿಲ್ವೇನಿಯಾದಿಂದಲೇ ಲಂಡನ್ನಿಗೆ ಬರಬೇಕಾಯಿತು.

ಕನ್ನಡದ ಚಿತ್ರ ಆ ವೈದ್ಯನನ್ನು ಉಳಿಸಿಕೊಂಡಿತು. ಜೊತೆಗೆ ಒಂದು ದೊಡ್ಡ ಹಾವನ್ನೂ ತಂದು ಅರಮನೆಯಲ್ಲಿ ಹರಿಯಬಿಟ್ಟಿತು. ೨೦೧೦ರ ‘ಆಪ್ತರಕ್ಷಕ’ದಲ್ಲಂತೂ ನಾಗವಲ್ಲಿಯ ಚಿತ್ರಪಟ ಬೇರೊಂದು ಮನೆಗೆ ಹೋಗಿ ಕೆಲಸ ಮುಂದುವರಿಸುತ್ತದೆ. ಕಾಯಿಲೆ ಗುಣವಾಯಿತೆಂದು ವೈದ್ಯ ಹೇಳಿದರೂ ಜನಕ್ಕೆ ಬೇಕಾದದ್ದು ನಾಗವಲ್ಲಿ. ನಮ್ಮ ನೆಂಟರ ಪೈಕಿಯ ಒಬ್ಬ ಹೆಣ್ಣುಮಗಳು ಬಾಣಂತಿತನದಲ್ಲಿ ನಿದ್ದೆ ಕಳೆದುಕೊಂಡು ಏನೇನೋ ಮಾತಾಡತೊಡಗಿದಾಗ, ಪಕ್ಕದವರು ‘ನಾಗವಲ್ಲಿ ಬಂದವ್ಳೆ’ ಎಂದರು. ಅದು ವೈದ್ಯನೇ ನಾಯಕನಾಗಿರುವ ಚಿತ್ರದ ಹೆಸರು ಎಂಬುದು ಯಾರಿಗೂ ಹೊಳೆಯಲಿಲ್ಲ. ಹದಿನೈದು ದಿನ ಅಲ್ಲಿ ಇಲ್ಲಿ ಸುತ್ತಿಸಿ, ಕೊನೆಗೆ ಮೈಸೂರಿಗೆ ಕರೆದೊಯ್ದ ಮೇಲೆ ಔಷಧದಿಂದ ಗುಣವಾಯಿತು. ಆ ಹದಿನೈದು ದಿನಗಳಲ್ಲಿ ಆ ಮಗು ತಾಯಿಯ ಹಾಲಿಲ್ಲದೆ ಇತ್ತು. ಅವಳು ಏನು ಹೇಳುತ್ತಿದ್ದಾಳೆಂದು ಯಾರೂ ಕೇಳಿಸಿಕೊಂಡಿರಲಿಲ್ಲ. ಹೇಗೆ ಕಾಣುತ್ತಿದ್ದಾಳೆಂದಷ್ಟೇ ನೋಡಿದ್ದರು.

ಇಷ್ಟೆಲ್ಲ ಬರೆದ ಮೇಲೆ ಆ ಹುಡುಗನ ಮಾತನ್ನು ಮುಗಿಸಬೇಕು. ನಾನು ಕಥೆ ಹೇಳಿದ ಹದಿನೈದು ದಿನದೊಳಗೆ ಅವನ ಎತ್ತರ, ಹಣೆಯ ಕಲೆ, ತೊದಲು ಇವುಗಳಿಗೆಲ್ಲ ಸೇರಿಸಿ ತರಗತಿ ಅವನಿಗೆ ಫ್ರಾಂಕನ್‌ಸ್ಟೈನ್ ಎಂದು ಹೆಸರಿಟ್ಟಿತ್ತು. ನಮ್ಮ ಹುಡುಗರ ಬಾಯಲ್ಲಿ ಅದು ‘ಪ್ರಾಂಕ’ ಆಯಿತು. ಗದರಿಸಬೇಕಾಗಿದ್ದವನು ನಾನು. ಗದರಿಸಲಿಲ್ಲ. ಒಂದು ದಿನ ಹಾಜರಿ ಕೂಗುವಾಗ ಅವನು ಕಾಣದಿದ್ದುದಕ್ಕೆ, ‘ಎಲ್ಲಪ್ಪ ನಮ್ಮ ಫ್ರಾಂಕನ್‌ಸ್ಟೈನ್?’ ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಬಾಗಿಲಲ್ಲಿ ನಿಂತಿದ್ದ. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಇಟ್ಟಿಗೆ ಗೂಡಿಗೆ ಹೋಗುತ್ತಿದ್ದಾನೆಂದು ತಂದೆ ಹೇಳಿದರು. ಬಡತನ ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದೆ. ವರ್ಷದ ಕೊನೆಗೆ ಪುಸ್ತಕಗಳ ಲೆಕ್ಕ ಕೊಡುವಾಗ ಒಂದು ಪುಸ್ತಕ ಕಡಿಮೆ ಬಂತು. ಅದರ ದುಡ್ಡನ್ನು ನಾನೇ ಕಟ್ಟಿದೆ.

ಕೆಲವು ವರ್ಷಗಳ ಹಿಂದೆ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ಐದು ತೇರುಗಳೂ ಸಾಗಿಹೋಗಿ ಜನ ಕರಗುತ್ತಿದ್ದ ಹೊತ್ತಿನಲ್ಲಿ, ಎತ್ತರದ ಆಳೊಬ್ಬ ಎದುರು ಬಂದು ಕಾಲಿಗೆ ನಮಸ್ಕರಿಸಿದ. ಹಣೆಯ ಕಲೆಯಿಂದ ಗುರುತು ಹಿಡಿದೆ; ಹೆಸರು ಹಿಡಿದು ಕರೆದೆ. ಅದು ಅವನ ತಂದೆತಾಯಿ ಇಟ್ಟ ಹೆಸರು. ಜೊತೆಯಲ್ಲಿದ್ದ ಮಗಳು ಕಾಲೇಜು ಓದುತ್ತಿದ್ದಾಳೆಂದ. ತೊದಲು ಇನ್ನೂ ಇತ್ತು. ಅವನು ಅದಕ್ಕೆ ಅವಸರಪಡದೆ ಮಾತಾಡುವುದನ್ನು ಕಲಿತಿದ್ದ. ಅದೂ ಇದೂ ಮಾತಾದ ಮೇಲೆ, ‘ಆ ಪುಸ್ತಕ ನನ್ ಹತ್ರಾನೇ ಉಳ್ಕೊಂಬುಡ್ತು ಸಾ’ ಎಂದ. ಆ ಹೆಸರಿನ ಪ್ರಸ್ತಾಪವನ್ನು ಅವನು ಎತ್ತಲಿಲ್ಲ. ಎತ್ತಬೇಕಾದವನು ನಾನು, ಮಗಳ ಎದುರಿನಲ್ಲಿ ನನಗೂ ಬಾಯಿ ಬರಲಿಲ್ಲ.

‘ಅದರ ಕೊನೆ ಹಾಳೆ ಇಲ್ಲ ಸಾ. ಗಿರಣಿ ಜೊತೇಲಿ ಸುಟ್ಟುಬುಟ್ರು ಅಂದಿದ್ರಿ ನೀವು.’

‘ಅದು ಸಿನಿಮಾದ್ದು ಕಣಪ್ಪ. ನಾನು ತಪ್ಪು ಹೇಳಿದ್ದೆ’ ಎಂದೆ. ಕಬಿನಿಯ ದಂಡೆಯಲ್ಲಿ, ಬೇಸಿಗೆಯ ಆ ಧಗೆಯಲ್ಲಿ, ಅವನಿಗೆ ಉತ್ತರ ಧ್ರುವದ ಹಿಮವನ್ನು ವಿವರಿಸಿದೆ. ವಿಕ್ಟರ್ ಹಡಗಿನಲ್ಲಿ ಸಾಯುವುದು, ಆ ಜೀವಿ ಬಂದು ಅವನ ಶವದ ಮೇಲೆ ಬಾಗಿ ಅಳುವುದು, ಹಡಗಿನ ನಾಯಕನೊಡನೆ ಮಾತಾಡಿ, ತಾನು ಮಾಡಿದ್ದೆಲ್ಲವನ್ನೂ ಒಪ್ಪಿಕೊಂಡು, ಹಿಮದ ಹಲಗೆಯ ಮೇಲೆ ಹಾರಿ ಕತ್ತಲೆಯೊಳಗೆ ತೇಲಿಹೋಗುವುದು.

‘ಸಾಯ್ಲಿಲ್ವಾ ಸಾ?’

‘ಸಾಯ್ತೀನಿ ಅಂತ ಹೇಳಿ ಹೋದ. ಸತ್ತದ್ದನ್ನ ಯಾರೂ ನೋಡ್ಲಿಲ್ಲ.’

ಅವನು ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತಿದ್ದ. ಆಮೇಲೆ ಮಗಳತ್ತ ತಿರುಗಿ, ನಿಧಾನವಾಗಿ, ಒಂದೊಂದೇ ಪದವಾಗಿ, ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ತಿ. ನರಸೀಪುರದ ಬಸ್ಸು ಬರುವವರೆಗೂ ನಾನು ಅಲ್ಲೇ ನಿಂತು ಕೇಳಿದೆ.